ಚಿಕುನ್‌ಗುನ್ಯ ನಮ್ಮ ಕಡೆಗೆ ಎಲ್ಲಿಂದ ಬಂತು ಅಂತ ವೈರಸ್ ನೋಡಿಯೇ ಹೇಗೆ ಹೇಳ್ತಾರೆ?

ಕೈಬರಹದ ಯಕ್ಷಗಾನ ಪ್ರಸಂಗಗಳನ್ನು ನೆನಪಿಸಿಕೊಳ್ಳಿ. ಕುಂಬಳೆಯ ಪ್ರತಿಯಲ್ಲೂ ಬದಿಯಡ್ಕದ ಪ್ರತಿಯಲ್ಲೂ ಅದೇ ಪದ್ಯದ ಅದೇ ಅಕ್ಷರ ತಪ್ಪಿದ್ದರೆ ಎರಡಕ್ಕೂ ಮೂಲ ಒಂದೇ, ಅಲ್ವಾ? ವೈರಸ್ ಕಥೆಯೂ ಹಾಗೇ.

ಚಿಕುನ್‌ಗುನ್ಯದ ಆರ್‌ಎನ್‌ಎಯಲ್ಲಿ (ವೈರಸ್ಸಿನ ವಂಶವಾಹಿ ಬರಹ ಅನ್ನಿ) ಸುಮಾರು 11,800 ಅಕ್ಷರಗಳಿವೆ. ಪ್ರತಿ ತೆಗೆಯುವಾಗ ಆಗಾಗ ತಪ್ಪಾಗುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ರೋಗಿಯ ರಕ್ತದಲ್ಲಿರುವ ವೈರಸ್ಸನ್ನು ಓದಿ, ಬೇರೆ ಊರು, ಬೇರೆ ವರ್ಷದವುಗಳ ಜೊತೆ ಹೋಲಿಸಿ ವಂಶವೃಕ್ಷ ಬರೆಯುತ್ತಾರೆ.

ಭಾರತದಲ್ಲಿ 1963ರಿಂದ 1973ರವರೆಗೆ ಕಾಡಿದ್ದು ಏಷ್ಯಾದ ತಳಿ. 2005-06ರಲ್ಲಿ ಮತ್ತೆ ಬಂದದ್ದೂ ಅದೇ ಅಂದುಕೊಳ್ಳುವುದು ಸುಲಭವಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಓದಿ ನೋಡಿದರೆ ಆಫ್ರಿಕಾದ ತಳಿ! 2004ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಎದ್ದದ್ದರ ಹತ್ತಿರದ ನೆಂಟ.

ಕಾಸರಗೋಡಿನವರಿಗೆ ಮುಂದಿನದ್ದೇ ಜಾಸ್ತಿ ಮುಖ್ಯ. 2007ರಲ್ಲಿ ಕೇರಳದ ಮಾದರಿಗಳಲ್ಲಿ ವೈರಸ್ಸಿನ ಹೊರಕವಚದ ಇ1 ಪ್ರೋಟೀನಿನ 226ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲದ (ಪ್ರೋಟೀನು ಕಟ್ಟುವ ಇಟ್ಟಿಗೆ) ಬದಲು ವ್ಯಾಲಿನ್ ಎಂಬ ಇನ್ನೊಂದು ಸಿಕ್ಕಿತು. ಅಷ್ಟಕ್ಕೇ ವೈರಸ್ ಏಡಿಸ್ ಅಲ್ಬೊಪಿಕ್ಟಸ್ ಸೊಳ್ಳೆಯೊಳಗೆ ಸಲೀಸಾಗಿ ಬೆಳೆಯತೊಡಗಿತು. ಇದು ತೋಟದ ಸೊಳ್ಳೆ. ರಬ್ಬರ್ ಹಾಲಿಗೆ ಕಟ್ಟಿದ ಗೆರಟೆ, ಬಿದ್ದ ಅಡಿಕೆ ಹಾಳೆ, ಅದರಲ್ಲಿ ಅಂಗೈಯಷ್ಟು ಮಳೆನೀರು ಸಾಕು.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲೂ ಇದೇ ಬದಲಾವಣೆ ಕಂಡಿತ್ತು. ಹಾಗಾದರೆ ಅಲ್ಲಿಂದಲೇ ಬಂತಾ? ಇಲ್ಲ, ಉಳಿದ ಅಕ್ಷರಗಳು ತಾಳೆಯಾಗಲಿಲ್ಲ; ಎರಡೂ ಕಡೆ ಬೇರೆಬೇರೆಯಾಗಿ ಆದದ್ದು. (ನನ್ನ ಪ್ರಸಂಗದ ಹೋಲಿಕೆ ಇಲ್ಲಿ ಕೈಕೊಡುತ್ತದೆ!) ಅದಕ್ಕೇ ಒಂದು ತಪ್ಪು ನೋಡಿ ತೀರ್ಮಾನ ಮಾಡುವುದಿಲ್ಲ, ಇಡೀ ಪ್ರತಿ ಓದುತ್ತಾರೆ. ಆದರೂ ಯಾವ ಪ್ರಯಾಣಿಕ ತಂದ ಅಂತ ಮಾತ್ರ ಅಕ್ಷರಗಳು ಹೇಳುವುದಿಲ್ಲ.