ಡೇವಿಡ್ ಇರ್ವಿಂಗರ ಬಾಯಿ ಮುಚ್ಚಿಸಿದವರು ಯಾರು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಡೇವಿಡ್ ಇರ್ವಿಂಗರನ್ನು ‘ವಿಶ್ವಾಸ ಕಳೆದುಕೊಂಡ ಇತಿಹಾಸಕಾರ’ ಎಂದು ಕರೆದದ್ದಕ್ಕೆ ಆಕ್ಷೇಪಿಸಿ ನೀವು ಬರೆದ ಪತ್ರ ತಲುಪಿದೆ. ಹಿಟ್ಲರನ ಕಾಲದ, ಬೇರೆಯವರು ಮುಟ್ಟದ ಕಡತಗಳನ್ನು ಹುಡುಕಿ ತೆಗೆದ ವ್ಯಕ್ತಿಯನ್ನು, ಅಭಿಪ್ರಾಯ ಹಿಡಿಸಲಿಲ್ಲವೆಂಬ ಕಾರಣಕ್ಕೆ ಕೋರ್ಟಿಗೆಳೆದು ಬಾಯಿ ಮುಚ್ಚಿಸಲಾಯಿತು ಎಂಬುದು ನಿಮ್ಮ ವಾದ. ಅವರ ಪುಸ್ತಕದ ಒಂದು ಅಧ್ಯಾಯವನ್ನು ಅನುವಾದಿಸಿ ಪ್ರಕಟಿಸಬೇಕೆಂದೂ ಕೇಳಿದ್ದೀರಿ.

ಅವರ ಶ್ರಮದ ಬಗ್ಗೆ ನೀವು ಹೇಳಿರುವುದು ನಿಜ. 1938ರಲ್ಲಿ ಎಸೆಕ್ಸ್‌ನಲ್ಲಿ ಹುಟ್ಟಿ, ಪದವಿ ಮುಗಿಸದೆ, ಜರ್ಮನಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತ ಆ ಭಾಷೆಯನ್ನು ಕೈವಶ ಮಾಡಿಕೊಂಡವರು ಅವರು. ಸೇನಾ ಇತಿಹಾಸದಲ್ಲಿ ಅವರಿಗಿದ್ದ ತಿಳಿವಳಿಕೆಯನ್ನು, ಅವರ ವಿರುದ್ಧ ತೀರ್ಪಿತ್ತ ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ಅವರೇ ಮೆಚ್ಚಿದ್ದಾರೆ. ಆದರೆ ಕೋರ್ಟಿನ ಮೆಟ್ಟಿಲೇರಿದವರು ಸ್ವತಃ ಇರ್ವಿಂಗರೇ. ಯಹೂದಿಗಳ ನರಮೇಧವನ್ನು ಅಲ್ಲಗಳೆಯುವವರ ಸಾಲಿನಲ್ಲಿ ತಮ್ಮನ್ನು ನಿಲ್ಲಿಸಿದರೆಂದು, ಅಮೆರಿಕದ ಪ್ರಾಧ್ಯಾಪಕಿ ಡೆಬೊರಾ ಲಿಪ್‌ಸ್ಟಾಟ್ ಮತ್ತು ಅವರ ಪ್ರಕಾಶಕರ ಮೇಲೆ 1996ರಲ್ಲಿ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. ಬರೆದದ್ದು ಸತ್ಯವೆಂದು ಸಾಬೀತುಪಡಿಸುವ ಹೊರೆ ಇಂಗ್ಲೆಂಡಿನ ಕಾನೂನಿನಲ್ಲಿ ಪ್ರತಿವಾದಿಯದು. ಬಾಯಿ ಮುಚ್ಚಿಸಲು ಹೊರಟವರು ಯಾರೆಂಬುದನ್ನು ನೀವೇ ಯೋಚಿಸಿ.

ಪ್ರತಿವಾದಿಗಳ ಪರವಾಗಿ ಕೇಂಬ್ರಿಜ್‌ನ ಇತಿಹಾಸಕಾರ ರಿಚರ್ಡ್ ಇವಾನ್ಸ್ ಮತ್ತು ಅವರ ಸಹಾಯಕರು ಇರ್ವಿಂಗರ ಅಡಿಟಿಪ್ಪಣಿಗಳ ಜಾಡು ಹಿಡಿದು ಮೂಲ ದಾಖಲೆಗಳವರೆಗೆ ಹೋದರು. ಒಂದನ್ನು ಮಾತ್ರ ಹೇಳುತ್ತೇನೆ. 1941ರ ನವೆಂಬರ್ 30ರಂದು, ಹಿಟ್ಲರನ ಎಸ್ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ತನ್ನ ದೂರವಾಣಿ ಟಿಪ್ಪಣಿಯಲ್ಲಿ ‘ಬರ್ಲಿನ್‌ನಿಂದ ಯಹೂದಿ ಸಾಗಣೆ. ಕೊಲ್ಲಬಾರದು’ ಎಂದು ಗೀಚಿಕೊಂಡಿದ್ದ. ಅದು ಲಾಟ್ವಿಯಾದ ರೀಗಾಕ್ಕೆ ಹೊರಟಿದ್ದ ಒಂದು ರೈಲಿನ ಮಾತು; ಅದರಲ್ಲಿದ್ದ ಸುಮಾರು 1,000 ಜನರನ್ನು ಅಷ್ಟರಲ್ಲಾಗಲೇ ಗುಂಡಿಟ್ಟು ಕೊಂದಾಗಿತ್ತು. ಇರ್ವಿಂಗ್ ಅದನ್ನು, ಯಹೂದಿಗಳನ್ನೇ ಕೊಲ್ಲಕೂಡದೆಂಬ ಹಿಟ್ಲರನ ಅಪ್ಪಣೆಯಾಗಿ ತಮ್ಮ 1977ರ ಪುಸ್ತಕದಲ್ಲಿ ಓದುಗರ ಮುಂದಿಟ್ಟರು. ಮರುದಿನದ ಟಿಪ್ಪಣಿಯಲ್ಲಿ ‘ಹಾಬೆನ್’ ಎಂಬ ಸಾಮಾನ್ಯ ಕ್ರಿಯಾಪದವನ್ನು ‘ಯೂಡೆನ್’, ಅಂದರೆ ಯಹೂದಿಗಳು, ಎಂದು ಓದಿದರು. ಕೈಬರಹ ಓದುವಾಗ ತಪ್ಪು ಯಾರಿಗೂ ಆಗುತ್ತದೆ, ನಮ್ಮ ಕಚೇರಿಯಲ್ಲಿ ದಿನವೂ ಆಗುತ್ತದೆ. ಆದರೆ ಇವರ ತಪ್ಪುಗಳೆಲ್ಲ ಹಿಟ್ಲರನ ಕಡೆಗೇ ವಾಲಿದ್ದವು. 2000ದ ಏಪ್ರಿಲ್ 11ರ ತೀರ್ಪು ಹೇಳಿದ್ದೂ ಇದನ್ನೇ.

ಜರ್ಮನಿಯ ಡ್ರೆಸ್ಡೆನ್ ನಗರದ ವಿಷಯವೂ ಹಾಗೆಯೇ. 1945ರಲ್ಲಿ ಅದರ ಮೇಲೆ ಬ್ರಿಟನ್ ಮತ್ತು ಅಮೆರಿಕ ನಡೆಸಿದ ಬಾಂಬ್ ದಾಳಿಗೆ 1,35,000 ಜನ ಸತ್ತರೆಂದು 1963ರಲ್ಲಿ ಬರೆದ ಅವರು, 1966ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಸುಮಾರು 25,000 ಎಂದು ಸೂಚಿಸುವ ಪೊಲೀಸ್ ವರದಿ ಸಿಕ್ಕಿದೆಯೆಂದು ಒಪ್ಪಿಕೊಂಡರು. ಆಮೇಲೂ ಲಕ್ಷ ದಾಟಿದ ಲೆಕ್ಕವನ್ನೇ ಹೇಳುತ್ತ ಬಂದರು. ಸತ್ತವರ ಸಂಖ್ಯೆಯನ್ನು ಹೀಗೆ ಹಿಗ್ಗಿಸುವುದು ಸತ್ತವರಿಗೇ ಮಾಡುವ ಅನ್ಯಾಯವೆಂದು ನಾನು ನಂಬಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ನರಮೇಧವನ್ನು ಅಲ್ಲಗಳೆದು 1989ರಲ್ಲಿ ಮಾಡಿದ ಭಾಷಣಗಳಿಗಾಗಿ 2006ರಲ್ಲಿ ಆಸ್ಟ್ರಿಯಾ ಅವರಿಗೆ 3 ವರ್ಷ ಶಿಕ್ಷೆ ವಿಧಿಸಿದ್ದು ಸರಿಯಲ್ಲ. ಲಿಪ್‌ಸ್ಟಾಟ್ ಅವರೂ ಅದನ್ನು ಒಪ್ಪಲಿಲ್ಲ.

ಅಧ್ಯಾಯದ ಅನುವಾದ ನೀವೇ ಮಾಡಿ ಕಳಿಸುವುದಾದರೆ ಪ್ರಕಟಿಸಲು ಅಡ್ಡಿಯಿಲ್ಲ. ಆ ಪುಟಗಳ ಬಗ್ಗೆ ತೀರ್ಪು ಏನು ಹೇಳಿದೆಯೋ ಅದನ್ನು ನಾವು ಕನ್ನಡಿಸಿ, ಅದೇ ಸಂಚಿಕೆಯಲ್ಲಿ, ಎದುರು ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ