ಪ್ರತಿಕ್ರಿಯೆ: ಡೌನಿ ಬಂದ ಮೇಲೆ ಕೈಟೋಸಾನ್ ಹೊಡೆದರೆ ಸಾಕಾ?

ದ್ರಾಕ್ಷಿ ಎಲೆ ಮೇಲೆ ಆಗಲೇ ಎಣ್ಣೆ ಕಲೆ ಬಿದ್ದಿದೆ, ಈಗ ಬರೀ ಕೈಟೋಸಾನ್ ಹೊಡೆದರೆ ಡೌನಿ (ಡೌನಿ ಮಿಲ್ಡ್ಯೂ ಎಂಬ ಬೂಜು ರೋಗ) ಹೋಗುತ್ತಾ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ದಯವಿಟ್ಟು ಅದೊಂದನ್ನೇ ನಂಬಿ ಕೂರಬೇಡಿ.

ಕೈಟೋಸಾನ್ ತಯಾರಾಗುವುದು ಸೀಗಡಿ, ಏಡಿ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ. ಎಷ್ಟೋ ಶಿಲೀಂಧ್ರಗಳ ಕೋಶದ ಗೋಡೆಯಲ್ಲೂ ಕೈಟಿನ್ ಇರುತ್ತದೆ. ಹಾಗಾಗಿ ಇಂಥ ಚೂರು ತಾಗಿದರೆ ಸಾಕು, ಗಿಡ ಶತ್ರು ಬಂದ ಎಂದೇ ತಿಳಿಯುತ್ತದೆ. ತನ್ನ ಕೋಶಗಳ ಗೋಡೆಗೆ ಕ್ಯಾಲೋಸ್ ಎಂಬ ವಸ್ತು ಮೆತ್ತಿ ಗಟ್ಟಿ ಮಾಡಿಕೊಳ್ಳುತ್ತದೆ. ದ್ರಾಕ್ಷಿ ಎಲೆಯಂತೂ ರೆಸ್ವೆರಾಟ್ರಾಲ್ ಎಂಬ ರಕ್ಷಣಾ ವಸ್ತುವನ್ನೂ ತಯಾರಿಸುತ್ತದೆ. ನನಗೆ ಇದು ಈಗಲೂ ಬೆರಗಿನ ಸಂಗತಿ! ಆದರೆ ಈ ತಯಾರಿಗೆ ಸಮಯ ಬೇಕು, ಅಲ್ವಾ? ರೋಗ ಒಳಗೆ ಹೊಕ್ಕ ಮೇಲೆ ಗಿಡವನ್ನು ಎಬ್ಬಿಸಿದರೆ ತಡವಾಯಿತು.

ಈಗ ಶಿಫಾರಸು ಮಾಡಿದ ಶಿಲೀಂಧ್ರನಾಶಕವನ್ನೇ ಬಳಸಿ. ಕೈಟೋಸಾನನ್ನು ಮುಂದಿನ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ, ಹೊಸ ಚಿಗುರಿಗೆ, ಮೋಡ ಕವಿಯುವ ಮೊದಲೇ ಕೊಡಿ. ಚಿಗುರು ಬೆಳೆದಂತೆ ಮತ್ತೆ ಕೊಡಬೇಕು. ಆಗಲೂ ಇದು ಜೊತೆಗಾರ ಮಾತ್ರ. ಮಳೆ ಜಾಸ್ತಿಯಾದರೆ ಶಿಲೀಂಧ್ರನಾಶಕ ನಿಲ್ಲಿಸುವಂತಿಲ್ಲ.

ಇನ್ನೊಂದು ಮುಖ್ಯ ಮಾತು. ಕೈಟೋಸಾನ್ ಕರಗುವುದು ಹುಳಿ ನೀರಿನಲ್ಲಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಸುಮಾರು 6.5 ದಾಟಿದರೆ ಹೆಪ್ಪುಗಟ್ಟಿ ನಾಜಲ್ ಕಟ್ಟುತ್ತದೆ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಜೊತೆ ಬೆರೆಸಲೇಬೇಡಿ, ಅದರಲ್ಲಿರುವ ಸುಣ್ಣ ಪಿಎಚ್ ಏರಿಸುತ್ತದೆ. ಬೋರ್‌ವೆಲ್ ನೀರಾದರೆ ಮೊದಲು ಪಿಎಚ್ ನೋಡಿ, ಒಂದು ಬಕೆಟ್‌ನಲ್ಲಿ ಕಲಸಿ ಪರೀಕ್ಷಿಸಿ.