ಎಪಿ ಕೆಮಿಸ್ಟ್ರಿ ಬರೀಬೇಕಾ, ಬಿಡ್ಬೇಕಾ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗೋ ವಿವರಗಳನ್ನೆಲ್ಲ ಬದಲಾಯಿಸಿದೀನಿ.)

ಹುಡುಗಿ ಹನ್ನೆರಡನೇ ಕ್ಲಾಸು. ಅಪ್ಪ ಅಮ್ಮ ಮೈಸೂರು ಕಡೆಯೋರು, ನ್ಯೂಜೆರ್ಸಿಗೆ ಬಂದು ಬಹಳ ವರ್ಷ ಆಯ್ತು. ಅವ್ರು ನನ್ನ ಹತ್ರ ಬಂದಿದ್ದು ಏಪ್ರಿಲಲ್ಲಿ, ಅಷ್ಟೊತ್ತಿಗೆ ಒಂದು ಸ್ಟೇಟ್ ಯೂನಿವರ್ಸಿಟಿಲಿ ಬಯಾಲಜಿ ಸೀಟು ಸಿಕ್ಕಾಗಿತ್ತು, ಆ ಡಿಗ್ರಿ ಮುಗಿಸಿ ಮುಂದೆ ಮೆಡಿಕಲ್ ಮಾಡೋ ಆಸೆ. ಮನೇಲಿ ಜಗಳ ಮೇ ತಿಂಗಳ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಪಾಠ) ಪರೀಕ್ಷೆಗಳದ್ದು. ಕ್ಯಾಲ್ಕುಲಸ್, ಕೆಮಿಸ್ಟ್ರಿ, ಇಂಗ್ಲಿಷ್ ಲಿಟರೇಚರ್ ಮೂರಕ್ಕೂ ನವೆಂಬರಲ್ಲೇ ದುಡ್ಡು ಕಟ್ಟಿದ್ರು. ಮಗಳಿಗೆ ಒಂದೂ ಬೇಡ, ಅಪ್ಪಂಗೆ ಮೂರೂ ಬೇಕು, ಅದ್ರಲ್ಲೂ ಕೆಮಿಸ್ಟ್ರಿ ಬೇಕೇ ಬೇಕು.

"ಮೇಡಂ, ನಾವು ಪಿಯುಸಿಲಿ ಜ್ವರ ಇದ್ರೂ ಹೋಗಿ ಬರೆದ್ವಿ, ಇವ್ಳು ಸೀಟು ಸಿಕ್ತು ಅಂತ ಪುಸ್ತಕನೇ ಮುಚ್ಚಿಟ್ಟಿದಾಳೆ" ಅಂದ್ರು ಅಪ್ಪ. ಅವ್ರ ಭಯ ನಂಗೆ ಅರ್ಥ ಆಗುತ್ತೆ, ನಮ್ಮಲ್ಲಿ ಪರೀಕ್ಷೆ ಬಿಟ್ರೆ ವರ್ಷವೇ ಹೋಯ್ತು ಅಂತಾನೇ ಲೆಕ್ಕ. ಇಲ್ಲಿ ಹಾಗಿಲ್ಲ. ಕ್ಲಾಸಿನ ಗ್ರೇಡು ಬೇರೆ, ಮೇ ಪರೀಕ್ಷೆಯ 1ರಿಂದ 5ರವರೆಗಿನ ಸ್ಕೋರು ಬೇರೆ, ಸ್ಕೋರು ಬರೋದೇ ಜುಲೈನಲ್ಲಿ, ಅಷ್ಟರಲ್ಲಿ ಅಡ್ಮಿಷನ್ ಎಲ್ಲ ಮುಗಿದಿರುತ್ತೆ. ಹನ್ನೆರಡನೇ ಕ್ಲಾಸಿನೋರಿಗೆ ಅದ್ರಿಂದ ಸಿಗೋದು ಕಾಲೇಜಲ್ಲಿ ಕ್ರೆಡಿಟ್ಟು (ಆ ಕೋರ್ಸ್ ಮಾಡಿದಂಗೇ ಲೆಕ್ಕ), ಇಲ್ಲಾಂದ್ರೆ ಮೇಲಿನ ಕೋರ್ಸಿಗೆ ನೇರ ಹೋಗೋ ಅವಕಾಶ, ಅಷ್ಟೇ.

ಹುಡುಗಿ ಹತ್ರ ಬೇರೆ ಕೂತು ಮಾತಾಡಿದೆ. ಕೆಮಿಸ್ಟ್ರಿ ರಿವ್ಯೂ ಪುಸ್ತಕ ತಂದಿದ್ಲು, ಮೊದಲ ಮೂರು ಪಾಠದಲ್ಲಿ ಹಳದಿ ಹೈಲೈಟರ್ ಗೀಟುಗಳು, ಆಸಿಡ್-ಬೇಸ್ ಕಡೆ ಬಂದ್ರೆ ಹಾಳೆ ಹೊಸದಾಗೇ ಇತ್ತು. ರಾತ್ರಿ ಎರಡು ಗಂಟೆವರೆಗೂ ಎದ್ದಿರ್ತಾಳಂತೆ, ಓದಲ್ಲ, ನಿದ್ದೆನೂ ಬರಲ್ಲ. "ಬರೆದು 2 ಬಂದ್ರೆ ಅಪ್ಪ ಏನಂತಾರೋ ಆಂಟಿ" ಅಂದ್ಲು. ಊಟ, ನಿದ್ದೆ ವಿಚಾರಿಸಿ, ಬದುಕೋದೇ ಬೇಡ ಅನ್ಸುತ್ತಾ ಅನ್ನೋದನ್ನೂ ನೇರ ಕೇಳ್ದೆ, ಅಂಥದ್ದೇನೂ ಇರ್ಲಿಲ್ಲ, ಸುಸ್ತು ಮತ್ತೆ ಭಯ.

ಆಮೇಲೆ ಮೂರೂ ಜನರನ್ನ ಕೂರಿಸ್ಕೊಂಡು ಆ ಯೂನಿವರ್ಸಿಟಿಯ ಎಪಿ ಕ್ರೆಡಿಟ್ ಪಟ್ಟಿ ತೆಗೆದು ಓದಿಸ್ದೆ. ನಿಜ ಹೇಳ್ಬೇಕಂದ್ರೆ ಇದನ್ನ ನವೆಂಬರಲ್ಲೇ ದುಡ್ಡು ಕಟ್ಟೋಕೆ ಮುಂಚೆ ಮಾಡ್ಬೇಕಿತ್ತು, ಆದ್ರೆ ಯಾವ ಮನೇಲೂ ಮಾಡಲ್ಲ. ಇಂಗ್ಲಿಷ್ ಲಿಟರೇಚರಲ್ಲಿ 4 ಬಂದ್ರೆ ಅಲ್ಲಿ ಮೊದಲ ವರ್ಷದ ಒಂದು ಕಡ್ಡಾಯ ಕೋರ್ಸೇ ಮಾಡ್ಬೇಕಾಗಿಲ್ಲ, ಅವ್ಳು ಕ್ಲಾಸಲ್ಲಿ ಬರೆಯೋದು ಚೆನ್ನಾಗೇ ಇದೆ, ಮನೇಲಿ ಮಾತ್ರ ಇಂಗ್ಲಿಷನ್ನ ಯಾರೂ ಲೆಕ್ಕಕ್ಕೇ ತಗೊಂಡಿರ್ಲಿಲ್ಲ! ಕ್ಯಾಲ್ಕುಲಸ್ಸಿಗೂ ಕ್ರೆಡಿಟ್ ಇತ್ತು, ಅವ್ಳ ತಯಾರಿನೂ ಪರವಾಗಿಲ್ಲ. ಕೆಮಿಸ್ಟ್ರಿ ಕಥೆ ಬೇರೆ. 5 ತಗೊಂಡ್ರೂ ಎಷ್ಟೋ ಮೆಡಿಕಲ್ ಸ್ಕೂಲುಗಳು ಆ ಎಪಿ ಕ್ರೆಡಿಟ್ ಒಪ್ಪಲ್ಲ, ಕಾಲೇಜಲ್ಲೇ ಲ್ಯಾಬ್ ಸಮೇತ ಮಾಡಿರ್ಬೇಕು ಅಂತಾವೆ, ಹಾಗಾಗಿ ಇವ್ಳು ಜನರಲ್ ಕೆಮಿಸ್ಟ್ರಿ ಕ್ಲಾಸಲ್ಲಿ ಹೇಗಿದ್ರೂ ಕೂರಲೇಬೇಕು. ಅಂದ್ಮೇಲೆ ಮೂರೂಕಾಲು ಗಂಟೆ ಪರೀಕ್ಷೆ ಯಾರಿಗೋಸ್ಕರ?

"ಕಟ್ಟಿದ ದುಡ್ಡು?" ಅಂದ್ರು ಅಪ್ಪ. ಬರೀದಿದ್ರೆ 40 ಡಾಲರ್ ಫೀ ಬೀಳುತ್ತೆ, ಉಳಿದದ್ದು ವಾಪಸ್ ಬರುತ್ತಾ ಅಂತ ಸ್ಕೂಲಿನ ಎಪಿ ಕೋಆರ್ಡಿನೇಟರನ್ನ ಕೇಳಿ ಅಂದೆ. ಎಪಿ ಕ್ಲಾಸ್ ತಗೊಂಡೋರು ಪರೀಕ್ಷೆ ಬರೀಲೇಬೇಕು ಅಂತ ಕೆಲವು ಸ್ಕೂಲಲ್ಲಿ ನಿಯಮ ಇರುತ್ತೆ, ಅದನ್ನೂ ವಿಚಾರಿಸೋಕೆ ಹೇಳ್ದೆ, ಇವ್ಳ ಸ್ಕೂಲಲ್ಲಿ ಇರ್ಲಿಲ್ಲ.

ಕೊನೆಗೆ ನಾನು ಹೇಳಿದ್ದು, ಇಂಗ್ಲಿಷ್ ಬರಿ, ಕ್ಯಾಲ್ಕುಲಸ್ ಬರಿ, ಕೆಮಿಸ್ಟ್ರಿ ಪರೀಕ್ಷೆ ಬಿಡು ಆದ್ರೆ ಕ್ಲಾಸ್ ಬಿಡ್ಬೇಡ. ಫೈನಲ್ ಟ್ರಾನ್ಸ್‌ಕ್ರಿಪ್ಟ್ (ಸ್ಕೂಲಿನ ಗ್ರೇಡುಗಳ ಪಟ್ಟಿ) ಕಾಲೇಜಿಗೆ ಹೋಗುತ್ತೆ, ಗ್ರೇಡ್ ಪೂರ್ತಿ ಬಿದ್ದೋದ್ರೆ ಕೊಟ್ಟ ಸೀಟನ್ನೇ ವಾಪಸ್ ತಗೋಬಹುದು. ಅಪ್ಪಂಗೆ ಬೇರೆ ಕೆಲಸ ಕೊಟ್ಟೆ, ರಾತ್ರಿ ಹನ್ನೊಂದಕ್ಕೆ ವೈಫೈ ಆಫ್ ಮಾಡಿ, ಸ್ಕೋರ್ ಮಾತು ಜುಲೈವರೆಗೂ ಎತ್ಬೇಡಿ ಅಂತ. ಮೊದಲ್ನೇದಕ್ಕೆ ತಕ್ಷಣ ಒಪ್ಕೊಂಡ್ರು. ಎರಡನೇದಕ್ಕೆ ಅಮ್ಮ ನಕ್ಕು, "ಅದನ್ನ ನಾನು ನೋಡ್ಕೋತೀನಿ ಬಿಡಿ" ಅಂದ್ರು.